ನಾರದರು ಇಳಿಯುವ ಮೊದಲು

ಬಸವೇಶ್ವರನಗರ

ಗಗನಸಂಚಾರಿ ನಾರದ ಪಾತ್ರಧಾರಿ ಚನ್ನಮಲ್ಲಪ್ಪ ಕಾಕಾನವರಿಗೆ ಶರಣು ಶರಣಾರ್ಥಿ!

ಕ್ರೇನಿನ ಕೊಕ್ಕೆ ಸಿಕ್ಕಿಸಲು ಉಕ್ಕಿನ ತೊಲೆಗೆ ನಾವು ಬೆಸೆಯುವ ತೂತಿನ ತಗಡು, ಅಂದರೆ ನಮ್ಮ ಭಾಷೆಯ ‘ಕಿವಿ’ಯ ನಕ್ಷೆಯನ್ನು ಈಗ ನಾರ್ವೆ ದೇಶದ ನಿಯಮಕ್ಕೆ ಹೊಂದಿಸುತ್ತಿದ್ದೇನೆ. ಆ ನಿಯಮ ಸೊಗಸಾದ ಪ್ರಶ್ನೆಯೊಂದನ್ನು ಕೇಳುತ್ತದೆ: ನೇತಾಡುವ ಭಾರ ಅಡ್ಡಕ್ಕೆ ಓಲಾಡಿದರೆ ಕಿವಿ ತಾಳುತ್ತದೆಯೇ? ಓದಿದೊಡನೆ ನೀವೇ ಕಣ್ಮುಂದೆ ಪ್ರತ್ಯಕ್ಷರಾದಿರಿ! ಚಂದ್ರಾ ಲೇಔಟಿನ ರಂಗಮಂದಿರದಲ್ಲಿ ನಿಮ್ಮ ಹಗ್ಗ ಕಟ್ಟುವ ಕಿವಿಯನ್ನು ಮಾಡಿರುವುದು ನೇರ ಭಾರಕ್ಕೆ ಮಾತ್ರ. ನೀವೋ, ಹಾಡುತ್ತಾ ಉಯ್ಯಾಲೆಯಾಡುತ್ತಾ ಇಳಿಯುವವರು!

“ಇಷ್ಟ್ ವರ್ಷ ಬಿದ್ದಿಲ್ಲ, ಈಗ ಬೀಳ್ತೀನೇನವಾ?” ಎಂದು ಗುಡುಗಬೇಡಿ. ಎಡಬಲಕ್ಕೆ ಎಷ್ಟು ತೂಗಾಡುತ್ತೀರಿ, ತಂಬೂರಿ ಸಮೇತ ಎಷ್ಟು ತೂಗುತ್ತೀರಿ, ಎರಡನ್ನೂ ತಿಳಿಸಿ. ತೂಕ ನೋಡುವಾಗ ಕಾಕಿ ಪಕ್ಕದಲ್ಲಿರಲಿ.

ಭಾನುವಾರದ ನಾಟಕಕ್ಕೆ ಹೊಸ ಕಿವಿ ತರಲು ನೋಡುತ್ತೇನೆ. ಅದಾಗದಿದ್ದರೆ, ನಾರದರು ದೇವಲೋಕದಿಂದ ನಡೆದೇ ಬರಲಿ.

ನಿಮ್ಮ ಅಣ್ಣನ ಮಗಳು,
ವಿಜಯಶ್ರೀ