ಒಂದೇ ಮನೆಯವರಿಗೆ ಒಂದೇ ಬಣ್ಣ

ಲೇಡೀಸ್ ಹಾಸ್ಟೆಲ್, ಹಾಸನ
೭ ಮಾರ್ಚ್ ೨೦೨೧, ಭಾನುವಾರ

ಅಮ್ಮನಿಗೆ, ಹಾಸನದಿಂದ ದೀಪು,

ಕ್ಷೇಮ ಅಂತ ಶುರು ಮಾಡಿದರೆ ಇದು ಸ್ಕೂಲಿನ ಭಾನುವಾರದ ಕಾಗದ ಆಗಿಬಿಡುತ್ತೆ. ಅಲ್ಲಿ ವಾರ್ಡನ್ ಮೇಡಂ ಓದಿದ ಮೇಲೇ ಕವರ್ ಅಂಟಿಸಬೇಕಿತ್ತು, ಹಾಗಾಗಿ ಎಲ್ಲರೂ ಯಾವಾಗಲೂ ಕ್ಷೇಮವಾಗಿಯೇ ಇರ್ತಿದ್ವಿ. ಇವತ್ತು ಓದೋರು ಯಾರೂ ಇಲ್ಲ. ಅದಕ್ಕೇ ಆ ಮಾತು ಬಿಟ್ಟಿದ್ದೀನಿ.

ಫೋನ್ ಮಾಡೋದು ಬಿಟ್ಟು ಇದೇನು ಕಾಗದ ಅಂತೀಯ. ಮಾಡಿದೆ ಅಮ್ಮ. ಪ್ರತಿ ಸಲವೂ ಎತ್ತಿದ್ದು ಸ್ಪಂದನಾ. ಅತ್ತೆ ಕರುವಿಗೆ ಹಾಲು ಬಿಡ್ತಿದ್ದಾರೆ, ಅತ್ತೆ ರಾಗಿ ಒಣಗಾಕ್ತಿದ್ದಾರೆ, ನಾನೇ ಹೇಳ್ತೀನಿ ಬಿಡು ದೀಪಕ್ಕ ಅಂತಾಳೆ. ನೀನು ಬಂದರೂ ಸ್ಪೀಕರ್ ಆನ್ ಮಾಡಿ ಪಕ್ಕದಲ್ಲೇ ನಿಂತಿರ್ತಾಳೆ, ಉಸಿರಾಟ ಕೇಳಿಸುತ್ತೆ. ಅವಳ ಮುಂದೆ ಅವಳ ವಿಷಯ ಹೇಗೆ ಮಾತಾಡಲಿ? ಈ ಕಾಗದ ಅವಳು ಸ್ಕೂಲಿಗೆ ಹೋದಾಗ ಓದು.

ಹೋದ ಭಾನುವಾರ ವಾಟರ್ ಪಾರ್ಕಿನಿಂದ ಹೊರಟಾಗ ಬಸ್ ಹತ್ತೋ ಮುಂಚೆ ನೀನು ಕೇಳಿದೆಯಲ್ಲ, ಅದಕ್ಕೆ ಉತ್ತರ ಬರೀತಿದ್ದೀನಿ. ದೇವರಾಜ್ ಮಾವ ಮಗಳು ಸ್ಪಂದನಾನ ಜೂನ್‌ನಲ್ಲಿ ನಾನು ಓದಿದ ಹಾಸ್ಟೆಲ್ ಸ್ಕೂಲಿಗೇ ಸೇರಿಸಬೇಕು ಅಂತಿದಾನಂತೆ. ಅವಳಮ್ಮನಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ, ಹಗಲು ರಾತ್ರಿ ಗೊತ್ತಿಲ್ಲ, ಮಗುವನ್ನ ನೋಡಿಕೊಳ್ಳೋರಿಲ್ಲ. ಇಲ್ಲದಿದ್ದರೆ ಅವಳು ಈಗಿನ ಹಾಗೇ ನಮ್ಮ ಮನೆಯಲ್ಲೇ ಇದ್ದುಕೊಂಡು ಹಳೇಕೋಟೆ ಸ್ಕೂಲಿಗೆ ಹೋಗಲಿ. ಅಲ್ಲಿದ್ದು ಬಂದೋಳು ನೀನು, ಯೋಚನೆ ಮಾಡಿ ಹೇಳು, ನೀನೆಂಗಂದ್ರೆ ಅಂಗೆ ಅಂದೆ.

ನಿನ್ನೆಯೇ ಒಂದು ಉತ್ತರ ಬರೆದಿದ್ದೀನಿ. ಅರ್ಧ ಪುಟ, ನೀಟ್ ಹ್ಯಾಂಡ್‌ರೈಟಿಂಗ್. ಸ್ಕೂಲು ತುಂಬ ಚೆನ್ನಾಗಿದೆ, ಇಂಗ್ಲಿಷ್ ಬರುತ್ತೆ, ಡಿಸಿಪ್ಲಿನ್ ಬರುತ್ತೆ, ಖಂಡಿತ ಕಳಿಸು. ಬರೆಯೋಕೆ ಸ್ವಲ್ಪವೂ ಕಷ್ಟ ಆಗಲಿಲ್ಲ. ಅದು ಪಕ್ಕದಲ್ಲೇ ಮಡಚಿ ಕೂತಿದೆ. ಇದನ್ನ ಬರೆದು ಮುಗಿಸಿದ ಮೇಲೆ ಯಾವುದನ್ನ ಪೋಸ್ಟ್ ಮಾಡಬೇಕು ಅಂತ ನೋಡ್ತೀನಿ.

ಆನೆಸ್ಟ್ ಆಗಿ ಹೇಳ್ತೀನಿ, ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಹನ್ನೊಂದು ವರ್ಷದ ಮಗುವಿನ ಮೇಲೆ ಕಾಲೇಜು ಹುಡುಗಿಗೆ ಎಂಥ ಹೊಟ್ಟೆಕಿಚ್ಚು ಅಂತ ನೀನು ನಗ್ತೀಯ. ನಗಬೇಡ. ನನ್ನನ್ನ ಆರನೇ ಕ್ಲಾಸಿಗೆ ಮನೆಯಿಂದ ಕಳಿಸಿದೆ. ಅವಳನ್ನ ಆರನೇ ಕ್ಲಾಸಿಗೆ ಮನೆಗೆ ಕರಕೊಂಡೆ.

ಯಾರಿಗೂ ಹೇಳದ ಒಂದು ಮಾತಿದೆ. ಕೊರೋನ ಬಂದು ಊರೆಲ್ಲ ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದಾಗ ನಾನು ಖುಷಿಯಾಗಿದ್ದೆ. ಪಿಯುಸಿ ಇಂಗ್ಲಿಷ್ ಪೇಪರ್ ಬಾಕಿ ಇರುವಾಗಲೇ ಸ್ಕೂಲಿನವರು ಮನೆಗೆ ಅಟ್ಟಿದ್ದರು. ನ್ಯೂಸ್‌ನಲ್ಲಿ ಲಾಕ್‌ಡೌನ್ ಮುಂದಕ್ಕೆ ಹೋಯಿತು ಅಂದಾಗಲೆಲ್ಲ ನೀನು ಅಯ್ಯೋ ಅಂತಿದ್ದೆ, ನಾನು ಒಳಗೊಳಗೇ ಇನ್ನೊಂದು ಸ್ವಲ್ಪ ಇರಲಿ ಅಂತಿದ್ದೆ. ಕರು ಕಟ್ಟೋದು, ಮುದ್ದೆ ತಿರುವೋದು ಆಗಲೇ ಕಲಿತದ್ದು. ಟಿವಿಯಲ್ಲಿ ಚನ್ನರಾಯಪಟ್ಟಣದ ರೋಡಿನ ಆ ವಾಟರ್ ಪಾರ್ಕ್ ಜಾಹೀರಾತು ಬಂದಾಗ ಅಲೆ ಅಂದ್ರೆ ಎಂಗಿರ್ತದೋ ನೋಡಬೇಕು ಅಂದಿದ್ದೆ ನೀನು. ತೆಗೆದ ತಕ್ಷಣ ಹೋಗೋಣ, ನಾವಿಬ್ಬರೇ ಅಂತಲೂ ಅಂದಿದ್ದೆ.

ಜನವರಿಯಲ್ಲಿ ಕಾಲೇಜು ತೆಗೆಯಿತು. ನಾನು ಟ್ರಂಕ್ ತಗೊಂಡು ಹೊರಟ ವಾರವೇ ಅವಳು ಬಂದಳು. ನನ್ನ ಮಂಚ ಇನ್ನೂ ಬೆಚ್ಚಗಿತ್ತೇನೋ.

ಆಮೇಲೆ ಮನೆಗೆ ಬಂದಾಗಲೆಲ್ಲ ನೋಡ್ತಿದ್ದೀನಿ. ಅವಳಿಗೆ ಎರಡು ಜಡೆ, ಕೆಂಪು ರಿಬ್ಬನ್, ದಿನಾ ಬೆಳಗ್ಗೆ ನಿನ್ನ ಮುಂದೆ ಕೂತು ಬಾಚಿಸಿಕೊಳ್ತಾಳೆ. ನಿನ್ನ ಬಾಯಲ್ಲಿ ಅವಳು ಮಗಾ, ನಾನು ದೀಪಶ್ರೀ. ಹೊಸ ಕರುವಿಗೆ ಹೆಸರಿಟ್ಟದ್ದು ಅವಳು. ಎಲ್ಲಕ್ಕಿಂತ ಚಪಾತಿ, ಅಮ್ಮ. ನಾನು ಬಂದ ದಿನ ನೀನು ಚಪಾತಿ ಲಟ್ಟಿಸ್ತೀಯ, ಪಲ್ಯ ಮಾಡ್ತೀಯ, ತೊಳೆದ ಲೋಟ ಮತ್ತೆ ತೊಳೆದು ನೀರು ಕೊಡ್ತೀಯ. ಅವಳು ಒಲೆ ಪಕ್ಕ ನಿನ್ನ ತಟ್ಟೆಯಿಂದಲೇ ಮುದ್ದೆ ಮುರಿದು ನುಂಗ್ತಾಳೆ. ಚಪಾತಿ ನಮ್ಮನೇಲಿ ಯಾರಿಗೆ ಮಾಡ್ತಾರೆ ಅಂತ ನನಗೆ ಗೊತ್ತಿಲ್ಲವಾ? ನೆಂಟರಿಗೆ.

ಇನ್ನು ಪಾರ್ಕು. ಮತ್ತೆ ತೆಗೆದಿದ್ದಾರೆ ಅಂತ ಪೇಪರಿನಲ್ಲಿ ಓದಿ ನಿನಗೆ ಹೇಳಿದ್ದು ನಾನೇ. ಆನ್‌ಲೈನ್‌ನಲ್ಲಿ ಟೈಮ್ ಬುಕ್ ಮಾಡಿದ್ದೂ ನಾನೇ. ನೀನು ಹೊಲಿಸಿಕೊಟ್ಟ ನೀಲಿ ಚೂಡಿದಾರ್ ಹಾಕಿಕೊಂಡು ಮುಂಚೆಯೇ ಬಂದು ಗೇಟಿನಲ್ಲಿ ಕಾಯ್ತಾ ನಿಂತಿದ್ದೆ. ಬಸ್ಸಿಂದ ನೀನಿಳಿದೆ. ನಿನ್ನ ಕೈ ಹಿಡಿದು ರಿಬ್ಬನ್ ಇಳೀತು.

ಗೇಟಿನಲ್ಲಿ ಮುಖಕ್ಕೆ ಪ್ಲಾಸ್ಟಿಕ್ ಪರದೆ ಹಾಕಿಕೊಂಡ ಹುಡುಗಿ ಹಣೆಗೆ ಗನ್ ಹಿಡಿದು ಜ್ವರ ನೋಡಿದಳು. ಹೊಸ ರೂಲ್ಸ್ ಹೇಳಿದಳು. ಒಂದೇ ಮನೆಯಲ್ಲಿ ಇರೋರಿಗೆ ಒಂದೇ ಬಣ್ಣದ ಕಾಗದದ ಪಟ್ಟಿ, ಕೈಗೆ ಅಂಟಿಸ್ತಾರೆ, ತೆಗೆದರೆ ಹರಿಯುತ್ತೆ. ಅದೇ ಬಣ್ಣದವರು ಜೊತೆಗೆ ಕೂರಬಹುದು, ಬೇರೆ ಬಣ್ಣದವರ ನಡುವೆ ಸೀಟು ಖಾಲಿ ಬಿಡಬೇಕು. ಮೂವರೂ ಒಂದೇ ಮನೆಯವರಾ ಅಂತ ಕೇಳಿದಳು.

ನೀನು, "ಇವ್ಳೂ ನಾನೂ ಮನೆಯಿಂದ ಬಂದಿವಿ ಕಣವ್ವ. ಅವ್ಳು ಆಸ್ಟೆಲ್ನೋಳು" ಅಂದೆ.

ಸುಳ್ಳೇನೂ ಅಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಮೂರು ಜನಕ್ಕೆ ಪಾಸಿಟಿವ್ ಬಂದಿತ್ತು, ನಿನಗೆ ಹೇಳಿದ್ದೂ ನಾನೇ. ಮಗು ಇದೆ, ಜಾಗ್ರತೆ ಬೇಕು. ಎಲ್ಲ ಸರಿ. ನಿಮಗಿಬ್ಬರಿಗೂ ಹಸಿರು, ನನಗೆ ಹಳದಿ. ಮಾಸ್ಕ್ ಇದ್ದದ್ದು ಒಳ್ಳೇದಾಯಿತು, ಕಣ್ಣು ಮಾತ್ರ ಕಂಡಿರುತ್ತೆ ನಿನಗೆ.

ಒಳಗೆ ನೋಡಿದರೆ ಅಲೆಯ ಕೊಳ ಒಣಗಿ ನಿಂತಿತ್ತು. ನೀರಾಟ ಯಾವುದಕ್ಕೂ ಇನ್ನೂ ಪರ್ಮಿಶನ್ ಇಲ್ಲವಂತೆ. ನೀಲಿ ಬಣ್ಣದ ಮೇಲೆ ಒಣಗಿದೆಲೆ. ನೀನು ಕಂಬಿ ಹಿಡಿದು ಬಗ್ಗಿ ನೋಡಿ ನಮ್ಮೂರ ಕೆರೇನೇ ವಾಸಿ ಅಂದೆ, ಸ್ಪಂದನಾ ಹೊಟ್ಟೆ ಹಿಡಿದು ನಕ್ಕಳು. ನನಗೂ ನಗು ಬಂತು, ನಗಲಿಲ್ಲ. ಕರಡಿ ವೇಷದವನು ಆ ದೊಡ್ಡ ಮೂತಿಗೂ ಒಂದು ಮಾಸ್ಕ್ ಕಟ್ಟಿಕೊಂಡು ಹಗ್ಗದ ಆಚೆಯಿಂದ ಕೈ ಬೀಸ್ತಿದ್ದ, ಮುಟ್ಟೋ ಹಾಗಿಲ್ಲ. ಕಿರುಚಬೇಡಿ ಅಂತ ಬೋರ್ಡು. ರೇನ್ ಡಾನ್ಸ್ ಜಾಗದಲ್ಲಿ ಮಳೆ ಇಲ್ಲ, ಬರೀ ಹಾಡು. ನೆಲದ ಮೇಲೆ ಸುಣ್ಣದ ಸುತ್ತು, ಒಂದು ಮನೆಗೆ ಒಂದು ಸುತ್ತು. ನಿಮ್ಮ ಸುತ್ತಿನಲ್ಲಿ ಅವಳು ನಿನ್ನ ಎರಡೂ ಕೈ ಹಿಡಿದು ಕುಣಿಸಿದಳು. ನೀನು ಕುಣಿದದ್ದನ್ನ ನಾನು ಅದೇ ಮೊದಲು ನೋಡಿದ್ದು. ನಾನು ನನ್ನ ಸುತ್ತಿನಲ್ಲಿ ಚಪ್ಪಾಳೆ ಹೊಡೀತಾ ನಿಂತಿದ್ದೆ. ಪುಟ್ಟ ರೈಲಿನಲ್ಲೂ ಹಾಗೇ. ನಡುವೆ ಖಾಲಿ ಡಬ್ಬಿ, ಮುಂದೆ ನೀವು, ನಿನ್ನ ಭುಜದ ಮೇಲೆ ಅವಳ ತಲೆ.

ಆಮೇಲೆ ಜೈಂಟ್ ವೀಲ್. ಅಲ್ಲಿ ಆಗಿದ್ದು ನಿನಗೆ ಪೂರ್ತಿ ಗೊತ್ತಿಲ್ಲ, ನೀನು ಚಪ್ಪಲಿ ಸರಿ ಮಾಡಿಕೊಳ್ತಾ ಹಿಂದೆ ಉಳಿದಿದ್ದೆ. ಹತ್ತಿಸೋನು ಬೋರಪ್ಪ ಅಂತ, ಮುಂಚೆ ಅಲೆಯ ಮಿಷನ್ ಬಿಡ್ತಿದ್ದವನಂತೆ, ಈಗ ಕೈಗೆ ಸ್ಯಾನಿಟೈಸರ್ ಬಿಡೋದು. ಅವನು ಬಣ್ಣ ತೋರಿಸಿ ಅಂದ. ಸ್ಪಂದನಾ ಸ್ವೆಟರಿನ ತೋಳು ಎಳೆದು ತನ್ನ ಪಟ್ಟಿ ಮುಚ್ಚಿಕೊಂಡಳು. ನನ್ನ ಸ್ವೆಟರು ಅದು, ಹಳೇದು.

"ಅವ್ರಿಬ್ರು ಅಮ್ಮ ಮಗಳು ಸಾ. ನಾನು ನೆಂಟ್ರೋಳು" ಅಂದಳು.

ಬೋರಪ್ಪ ಪಟ್ಟಿ ನೋಡೋದು ಬಿಟ್ಟು ನನ್ನ ಕಣ್ಣು ನೋಡಿದ, ಹಿಂದೆ ಬರ್ತಿದ್ದ ನಿನ್ನ ಕಣ್ಣು ನೋಡಿದ. ಈ ಮಾಸ್ಕ್ ಕಾಲದಲ್ಲಿ ಯಾರ ಮಗಳು ಯಾರೋ ಯಾವ ದೇವರಿಗೆ ಗೊತ್ತು ಅಂತ ಗೊಣಗಿದ. ಒಬ್ಬಳೇ ಕೂರೋಕೆ ಎತ್ತರ ಸಾಕಾ ಅಂತ ಗೋಡೆಯ ಗೆರೆ ಹತ್ತಿರ ನಿಲ್ಲಿಸಿದ. ಅವಳು ತುದಿಗಾಲಲ್ಲಿ ನಿಂತದ್ದು ನನಗೆ ಕಾಣಿಸಿತು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವಳು ನಿನ್ನ ಜೊತೆ ಕೂರ್ತಿದ್ದಳಲ್ಲ. ನಮ್ಮಿಬ್ಬರನ್ನ ಒಂದು ತೊಟ್ಟಿಲಲ್ಲಿ ಕೂರಿಸಿದ, ಒಂದು ಖಾಲಿ ಬಿಟ್ಟು ಅವಳನ್ನ ಹಿಂದಿನದರಲ್ಲಿ. ನಾನೇ ಹಿಂಗಂದೆ ಅಂತ ನೀನು ತಿಳಕೊಂಡೆ. ತಿಳಕೋ ಅಂತ ಬಿಟ್ಟೆ.

ಅಂತೂ ನಾವಿಬ್ಬರೇ ಆದೆವು. ಬಸ್ಸಿನಲ್ಲಿ ಬರ್ತಾ ಏನೇನು ಮಾತಾಡಬೇಕು ಅಂತ ಜೋಡಿಸಿಕೊಂಡಿದ್ದೆ. ತೊಟ್ಟಿಲು ಮೇಲೆ ಹೋಯಿತು, ತೆಂಗಿನ ತೋಟ, ರೋಡು, ದೂರದಲ್ಲಿ ಯಾವುದೋ ಕೆರೆ, ಎಲ್ಲ ಕಾಣ್ತಿತ್ತು. ನೀನು ಒಂದೂ ನೋಡಲಿಲ್ಲ. ಕಂಬಿ ಹಿಡಿದು ಕತ್ತು ತಿರುಗಿಸಿ ಹಿಂದೆಯೇ ನೋಡ್ತಿದ್ದೆ. ನಾನು ನಿನ್ನನ್ನ ಒಂದು ಮಾತು ಕೇಳಿದೆ. ನೀನು ಹೂಂ ಅಂದೆ. ಏನು ಕೇಳಿದೆ ಅಂತ ನಿನಗೆ ಗೊತ್ತಿಲ್ಲ, ನನಗೆ ಗೊತ್ತು ನಿನಗೆ ಗೊತ್ತಿಲ್ಲ ಅಂತ.

ಸಿಟ್ಟು ಬಂದು ನಾನೂ ತಿರುಗಿದೆ. ಅಂಥದ್ದೇನಿದೆ ನೋಡೋಕೆ ಅಂತ.

ಅವಳು ಸೀಟಿನ ನಟ್ಟನಡುವೆ ಕೂತಿದ್ದಳು. ಬ್ಯಾಗು ತೊಡೆ ಮೇಲೆ, ಎರಡೂ ಕೈ ಬ್ಯಾಗಿನ ಮೇಲೆ, ಕಣ್ಣು ಕೈಗಳ ಮೇಲೆ. ಆಚೆ ಈಚೆ ನೋಡ್ತಿಲ್ಲ. ಅಳ್ತಾನೂ ಇಲ್ಲ. ಹಾಗೆ ಕೂರೋದು ನನಗೆ ಚೆನ್ನಾಗಿ ಗೊತ್ತು, ಅಮ್ಮ. ರಜ ಮುಗಿಸಿ ನೀನು ಬಸ್ ಹತ್ತಿಸಿದ ಮೇಲೆ ಊರ ಕೆರೆ ಏರಿ ದಾಟೋ ತನಕ ನಾನು ಹಾಗೇ ಕೂರ್ತಿದ್ದದ್ದು. ಸ್ವಲ್ಪ ಅಲುಗಾಡಿದರೂ ಎಲ್ಲ ಹೊರಗೆ ಬಂದುಬಿಡುತ್ತೆ. ಅದಕ್ಕೇ ನಾನು ಒಂದು ಸಲವೂ ತಿರುಗಿ ನೋಡಲಿಲ್ಲ. ನೀನು ರೋಡಿನಲ್ಲಿ ನಿಂತು ನನ್ನ ಬಸ್ಸನ್ನೂ ಹೀಗೇ ನೋಡ್ತಿದ್ದೆಯಾ?

ಕೆಳಗಿಳಿದ ಮೇಲೆ ನೀನು ನೀರು ತರೋಕೆ ಹೋದೆ. ಯಾಕೆ ಹಾಗೆ ಹೇಳಿದೆ ಅಂತ ಅವಳನ್ನ ಕೇಳಿದೆ. ನಾವಿಬ್ಬರೇ ಬರೋ ಪ್ಲಾನ್ ಇತ್ತು ಅಂತ ನೀನು ಅವಳಿಗೆ ಹೇಳಿದ್ದೆಯಂತೆ. ಅದಕ್ಕೇ ಬಿಟ್ಟುಕೊಟ್ಟಳಂತೆ. ಆಮೇಲೆ ರಿಬ್ಬನ್ ತುದಿ ಕಚ್ಚುತ್ತಾ, "ನಾನು ಯಾವುದಕ್ಕೂ ಅಟ ಮಾಡಲ್ಲ ದೀಪಕ್ಕ. ಜೂನಲ್ಲಿ ಕಳಿಸ್ಬ್ಯಾಡಿ ಅಂತ ಅತ್ತೆಗೇಳು" ಅಂದಳು.

ನೋಡ್ತೀನಿ ಅಂದೆ. ದೊಡ್ಡವರ ಥರ.

ಈಗ ಉತ್ತರ. ಇಂಗ್ಲಿಷ್ ಬಂತು, ನಿಜ. ಊಟಕ್ಕೂ ತೊಂದರೆ ಇರಲಿಲ್ಲ. ಆದರೆ ಸೇರಿದ ತಿಂಗಳೇ ನನ್ನ ಜಡೆ ಕತ್ತರಿಸಿದರು, ನೆನಪಿದೆಯಾ? ಬಾಚೋರಿಲ್ಲ ಅಂತ. ದಸರಾ ರಜಕ್ಕೆ ಬಂದಾಗ ಚೆನ್ನಾಗಿ ಕಾಣ್ತೀಯ ಅಂದೆ ನೀನು. ನಾನೂ ಹೌದು ಅಂದೆ. ಅಲ್ಲಿಂದಾಚೆ ನಾವಿಬ್ಬರೂ ಒಬ್ಬರಿಗೊಬ್ಬರು ಹಾಗೇ ಹೇಳಿಕೊಂಡು ಬಂದಿದ್ದೀವಿ.

ಅವಳನ್ನ ಕಳಿಸಬೇಡ. ಮಾವನಿಗೆ ದೀಪು ಬೇಡ ಅಂದಳು ಅಂತಲೇ ಹೇಳು.

ಇದರಿಂದ ನನ್ನ ಹೊಟ್ಟೆಕಿಚ್ಚು ಹೋಯಿತು ಅಂದುಕೋಬೇಡ. ಬರೆಯುವಾಗಲೂ ಆ ರಿಬ್ಬನ್ ಕಣ್ಣ ಮುಂದೆ ಬಂದು ಉರೀತಿದೆ. ಮಂಚ ನನ್ನದು, ಅವಳು ಗೋಡೆ ಕಡೆ ಮಲಗಲಿ. ಸ್ವೆಟರ್ ಇಟ್ಟುಕೊಳ್ಳಲಿ, ನನಗೆ ತೋಳು ಸಾಲಲ್ಲ. ನಾನು ಬಂದ ದಿನ ಚಪಾತಿ ಮಾಡಬೇಡ.

ನಿನ್ನೆಯ ಕಾಗದ ಹರಿದೆ.

ಹೊಟ್ಟೆ ಉರಿಯಿದ್ದರೂ ನಿನ್ನ ಮಗಳೇ ಆದ,
ದೀಪು

ಮರೆತ ಮಾತು: ಮರೆತಿರಲಿಲ್ಲ, ಬರೆಯೋಕೆ ಧೈರ್ಯ ಬರಲಿಲ್ಲ. ನಮ್ಮ ಕ್ಲಾಸಿನ ಇಬ್ಬರು ನಮ್ಮೂರ ಕಡೆಯ ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರ್ತಾರೆ, ಮೊದಲನೇ ಪೀರಿಯಡ್ ಸಿಗುತ್ತಂತೆ. ನಾನು ಬಸ್ ಪಾಸಿಗೆ ಫೋಟೋ ತೆಗೆಸಿಟ್ಟಿದ್ದೀನಿ, ಪಾರ್ಕಿಗೆ ಬರೋ ಮುಂಚೆಯೇ. ಜೈಂಟ್ ವೀಲ್‌ನಲ್ಲಿ ನಾನು ಕೇಳಿದ್ದು, ಅಮ್ಮ, ಹಾಸ್ಟೆಲ್ ಬಿಟ್ಟು ಮನೆಯಿಂದಲೇ ಓಡಾಡ್ಲಾ ಅಂತ. ನೀನು ಹೂಂ ಅಂದಿದ್ದೀಯ.