ಸುವೈಕಿನಲ್ಲಿ ಕೊಂಡ ಟ್ಯೂಬು

ಸೀಬ್, ಅಕ್ಟೋಬರ್ ೨೦೦೮

ಪ್ರೀತಿಯ ವೇದಕ್ಕ,

ನೀವು ಒಮಾನ್ ಬಿಟ್ಟು ಮೈಸೂರು ಸೇರಿ ಎರಡು ವರ್ಷವಾಯಿತು. ಫೋನಿನಲ್ಲಿ ಮಕ್ಕಳ ಮಾರ್ಕು, ಹಬ್ಬದ ಅಡುಗೆ ಎಲ್ಲ ಮಾತಾಡಿದ್ದೇವೆ. ಹೇಳಲೇಬೇಕಾದದ್ದಕ್ಕೆ ಮಾತ್ರ ನನಗೆ ಬಾಯಿ ಬರಲಿಲ್ಲ. ಕಾಗದದ ಮೇಲಾದರೆ ಮುಖ ನೋಡಬೇಕಾಗಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

೨೦೦೪ರಲ್ಲಿ ನನ್ನ ಗರ್ಭಕೋಶದ ಆಪರೇಷನ್ ಆಗಿ ವರ್ಷ ಕಳೆದಿತ್ತು. ಗಾಯ ಮಾಯ್ದರೂ ಬೊನಿಫಾಸ್ ಹತ್ತಿರ ಬಂದರೆ ಒಣ ಉರಿ. ಗಂಡನಿಗೆ ಅದನ್ನು ಹೇಗೆ ಹೇಳಲಿ? ಗೋಡೆಯ ಕಡೆ ತಿರುಗಿ ಮಲಗತೊಡಗಿದೆ. ನನಗೆ ಮನಸ್ಸು ಮುರಿದಿದೆಯೆಂದು ಇವರು ತಿಳಿದರು. ರುಸೈಲಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದವರು, ದೂರದ ಇಬ್ರಿಯ ಶಾಖೆಗೆ ಒಬ್ಬರೇ ಹೋಗುತ್ತೇನೆಂದು ಅರ್ಜಿ ಕೊಟ್ಟುಬಿಟ್ಟರು.

ಪರಿಚಯದವರ ಕಣ್ಣಿಗೆ ಬೀಳಬಾರದೆಂದು ನಾನು ಟ್ಯಾಕ್ಸಿ ಹಿಡಿದು ಅಷ್ಟು ದೂರದ ಸುವೈಕ್ ಊರಿನವರೆಗೆ ಬಂದೆ. ನಿಮ್ಮ ಔಷಧಿ ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಕೆಮ್ಮಿನ ಸಿರಪ್ಪು ಕೇಳಿದೆ, ಆಮೇಲೆ ಹತ್ತಿ, ಆಮೇಲೆ ಬ್ಯಾಂಡೇಜು. ಕೇಳಬೇಕಾದದ್ದು ಬರಲಿಲ್ಲ. "ಅಯ್ಯೋ ದೇವರೇ, ಹೇಗೆ ಕೇಳುವುದು" ಎಂದು ಗೊಣಗಿದ್ದಷ್ಟೇ. "ಕನ್ನಡದಲ್ಲೇ ಕೇಳಮ್ಮ" ಎಂದಿರಿ ನೀವು. ನೆಲ ಬಾಯಿಬಿಡಬಾರದೇ ಎನ್ನಿಸಿತು!

ನೀವು ನಗಲಿಲ್ಲ. ಸ್ಟೂಲು ಎಳೆದು ಕೂರಿಸಿದಿರಿ. ನಾನು ತಲೆ ತಗ್ಗಿಸಿಕೊಂಡೇ ಉರಿಯ ವಿಷಯ ಹೇಳಿದೆ. "ನಮ್ಮಮ್ಮನ ಕಾಲದಲ್ಲಿ ಕೊಬ್ಬರಿ ಎಣ್ಣೆ, ಇಲ್ಲದಿದ್ದರೆ ಹಲ್ಲು ಕಚ್ಚಿಕೊಂಡಿರೋದು. ನಾನು ಓದೋವಾಗ ಆಸ್ಪತ್ರೆ ವಾಸನೆಯ ಜೆಲ್ಲಿ ಇತ್ತು, ಅಂಟು ಅಂಟು. ನಿರೋಧ್ ಅಂದ್ರೆ ಬಲೂನಿನ ರಬ್ಬರು. ಈಗ ನೋಡು, ನೀರಿನಲ್ಲಿ ಮಾಡಿದ ಜೆಲ್ಲು, ತೊಳೆದರೆ ಹೋಯ್ತು" ಎಂದು ಟ್ಯೂಬು ಕೈಗಿಟ್ಟಿರಿ. ಲಂಡನಿಗೆ ಹೋದಾಗ ನೀವು ಕಂಡ, ಮಲಗುವ ಕೋಣೆಯ ಸಾಮಾನನ್ನೇ ಮಾರುವ ಅಂಗಡಿಯ ಕಥೆಯನ್ನೂ ಹೇಳಿದಿರಿ. ಕಪ್ಪು ಪರದೆಯಿಲ್ಲ, ಒಡವೆ ಅಂಗಡಿಯ ಹಾಗೆ ದೀಪ, ಮಾರುವವರೆಲ್ಲ ಹೆಂಗಸರು. ಹೆಂಗಸರ ಸುಖಕ್ಕೆಂದೇ ಮಾಡಿದ, ಹಿಂದೆ ರುಬ್ಬುವ ಯಂತ್ರದಂತೆ ಗಡಗಡ ಎನ್ನುತ್ತಿದ್ದ ವೈಬ್ರೇಟರು ಈಗ ಲಿಪ್‌ಸ್ಟಿಕ್ಕಿನಷ್ಟು ಚಿಕ್ಕದಾಗಿ, ಮೆತ್ತಗಾಗಿ, ಸದ್ದಿಲ್ಲದಂತಾಗಿದೆಯಂತೆ. "ಒಂದು ವರ್ಷ ಗ್ಯಾರಂಟಿ ಕಾರ್ಡೂ ಕೊಡ್ತಾರೆ ಕಣೇ!" ಎಂದಿರಿ. ವರ್ಷದ ಮೇಲೆ ನಾನು ನಕ್ಕದ್ದು ಆಗ.

ಮುಂದಿನದು ನಿಮಗೆ ಗೊತ್ತಿಲ್ಲ. ಟ್ಯೂಬನ್ನು ಬಾತ್‌ರೂಮಿನ ಕಪಾಟಿನಲ್ಲಿಟ್ಟು ಧೈರ್ಯಕ್ಕಾಗಿ ಕಾಯುತ್ತಿದ್ದೆ. ನಾಲ್ಕನೆಯ ದಿನ ತಿಂಡಿ ತಿನ್ನುತ್ತ ಇವರು, "ಮಾರಾಯ್ತಿ, ಕಪಾಟಿನ ಹೊಸ ಮುಲಾಮು ಭಾರೀ ಲಾಯ್ಕುಂಟು. ಒಂಚೂರೂ ವಾಸನೆ ಇಲ್ಲ. ಮೊಣಕಾಲು ನೋವು ಅರ್ಧ ಕಮ್ಮಿ ಆಯ್ತು" ಎಂದರು. ನನ್ನ ಬಾಯಿಯ ಚಹಾ ಮೇಜಿನ ಮೇಲೆ ಚೆಲ್ಲಿತು. ನಕ್ಕೆ, ನಕ್ಕು ನಕ್ಕು ಅತ್ತೆ. ಅಳುತ್ತಲೇ ಎಲ್ಲ ಹೇಳಿಬಿಟ್ಟೆ, ಉರಿ, ಹೆದರಿಕೆ, ಗೋಡೆ, ಎಲ್ಲ.

ಇವರು ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಾನು ಎಂತದೋ ತಪ್ಪು ಮಾಡಿದ್ದೇನೆ ಅಂತ ವರ್ಷವಿಡೀ ಲೆಕ್ಕ ಹಾಕ್ತಾ ಇದ್ದೆ" ಎಂದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಕನ್ನಡಕ ಹಾಕಿ, ಟ್ಯೂಬಿನ ಜೊತೆಯ ಚೀಟಿಯನ್ನು ಕಾರ್ಖಾನೆಯ ಕಾಗದ ಓದಿದಂತೆ ಮೊದಲಿಂದ ಕೊನೆಯವರೆಗೆ ಓದಿದರು. "ಬಟ್ಟೆಗೆ ಕಲೆ ಆಗುವುದಿಲ್ಲವಂತೆ. ಒಳ್ಳೆ ಮಾಲು" ಎಂದು ಪಾಸು ಮಾಡಿದರು! ಮರುದಿನವೇ ಇಬ್ರಿಯ ಅರ್ಜಿಯನ್ನು "ಖಲಾಸ್" ಎಂದು ಹಿಂದಕ್ಕೆ ಪಡೆದರು. ಆ ಟ್ಯೂಬು ಒಂದು ತಿಂಗಳೂ ಬಾಳಲಿಲ್ಲ ಎಂದಷ್ಟೇ ಬರೆಯುತ್ತೇನೆ, ಉಳಿದದ್ದು ನೀವೇ ತಿಳಿದುಕೊಳ್ಳಿ.

ಈ ಬೇಸಿಗೆಯಲ್ಲಿ ಲಂಡನಿನ ತಂಗಿಯ ಮನೆಗೆ ಹೋದಾಗ ನೀವು ಹೇಳಿದ ಅಂಗಡಿಗೂ ಹೋದೆವು. ಗ್ಯಾರಂಟಿಯ ಷರತ್ತುಗಳನ್ನು ಇವರು ಕಾಲು ಗಂಟೆ ವಿಚಾರಿಸಿದರು. ಅಂಗಡಿಯ ಹುಡುಗಿಗೆ ನಗು ತಡೆಯಲಾಗಲಿಲ್ಲ, ನನಗೂ. ಕೊಂಡೆವು. ಒಮಾನಿಗೆ ತರುವಂತಿಲ್ಲವಲ್ಲ, ತಂಗಿಯ ಅಟ್ಟದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ಬಂದಿದ್ದೇವೆ. ಮುಂದಿನ ರಜೆಗೆ ಟಿಕೆಟು ಈಗಲೇ ನೋಡುತ್ತಿದ್ದಾರೆ.

ಮೊನ್ನೆ ಇಗರ್ಜಿಯ ಪೂಜೆ ಮುಗಿದ ಮೇಲೆ ನಮ್ಮೂರ ಕಡೆಯ ಎಸ್ತರ್ ನನ್ನ ಪಕ್ಕ ಕುಳಿತಳು. ಅವಳಿಗೂ ಹೋದ ವರ್ಷ ಅದೇ ಆಪರೇಷನ್. ಕೆಮ್ಮು, ನೆಗಡಿ, ಸೊಂಟನೋವು ಎಂದು ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ಕಣ್ಣು ಮಾತ್ರ ಬೇರೇನೋ ಹೇಳುತ್ತಿತ್ತು. ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದು, "ನಮ್ಮ ಕೊಂಕಣಿಯಲ್ಲೇ ಹೇಳು ತಂಗೀ" ಎಂದೆ. ಅವಳು ಹೇಳಿದಳು, ವೇದಕ್ಕ.

ದೇವರು ನಿಮ್ಮನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿಮ್ಮ ಋಣದಲ್ಲಿ ಸುಖವಾಗಿರುವ,
ಜೊವಿಟಾ