ಎರಡನೇ ಟೇಕ್

ಅಪ್ಪ,

ನಿಮ್ಮ ಮಣ್ಣಿಗೂ ನಾನು ಬರಲಿಲ್ಲ. ಆದರೂ ಇವತ್ತಿನ ಶೂಟಿಂಗ್ ವಿಷಯವನ್ನು ನಿಮಗಲ್ಲದೆ ಇನ್ಯಾರಿಗೂ ಹೇಳುವಂತಿಲ್ಲ.

ಫಿಲ್ಮ್ ಕೋರ್ಸಿನ ಮೊದಲ ವರ್ಷದವರಿಗೆ ಹಾಡಿನ ವಿಡಿಯೊ ಅಸೈನ್‌ಮೆಂಟ್. ನಾನು ಆರಿಸಿಕೊಂಡಿದ್ದು ತಾಯಿ ಊರು ಬಿಟ್ಟು ಹೋಗುವ ನಮ್ಮ ಸುಮಾತ್ರಾದ ಮಿನಾಂಗ್ ಭಾಷೆಯ ಹಾಡು. ನೀವು ಮಾಡಿದ ಇನ್ನೂರು ಹಾಡಿನ ವಿಸಿಡಿಗಳನ್ನು ಪಾಡಾಂಗ್‌ನ ಬಸ್ಸುಗಳಲ್ಲಿ ಇಂದಿಗೂ ಹಾಕುತ್ತಾರಲ್ಲ, ಅಂಥದ್ದೇ. ಅಳಬೇಕಾದವಳು ಹಾಸ್ಟೆಲ್ ಅಡುಗೆಯವಳ ಆರು ವರ್ಷದ ಮಗಳು ಸಲ್ಮಿ. ಕಣ್ಣಿಗೆ ಈರುಳ್ಳಿ ಹಿಡಿದರೂ ನಗುತ್ತಿದ್ದಳು.

"ಬೆಳಕು ಹೋಗ್ತಿದೆ ಕಣೇ. ಡೈರೆಕ್ಟರ್ ಮಗಳು ತಾನೇ, ಏನಾದ್ರೂ ಮಾಡು," ಎಂದ ಕ್ಯಾಮೆರಾ ಹಿಡಿದಿದ್ದ ಯೂಸ್ರಿ.

ನನಗೆ ಅದೇ ವಯಸ್ಸಿದ್ದಾಗ ನಿಮ್ಮ ಶೂಟಿಂಗ್‌ನಲ್ಲಿ ನೀವು ನನ್ನ ಕಿವಿಯಲ್ಲಿ ಹೇಳಿದ್ದನ್ನೇ ಅವಳ ಕಿವಿಯಲ್ಲಿ ಹೇಳಿದೆ. "ನಿಮ್ಮಮ್ಮ ಮಲೇಷ್ಯಾಗೆ ಹೋಗ್ಬಿಟ್ಳು. ನೀನು ಬೇಡ ಅಂದ್ಳು."

ಅವಳ ಬಾಯಿ ಮೊದಲು ತೆರೆಯಿತು, ಸದ್ದು ಆಮೇಲೆ ಬಂತು.

"ಥೂ, ಫೋಕಸ್ ತಪ್ತು," ಎಂದ ಯೂಸ್ರಿ.

ಅವಳಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದು ಮಗಳನ್ನು ತಬ್ಬಿಕೊಂಡಳು. "ಶೂಟಿಂಗ್ ಕಣೇ ಹುಚ್ಚಿ, ಅಕ್ಕ ತಮಾಷೆ ಮಾಡಿದ್ದು," ಎಂದು ಸಮಾಧಾನ ಮಾಡಿ ಒಲೆಯ ಕಡೆ ತಿರುಗಿದಳು. ನಾನು ಮತ್ತೆ ಸಲ್ಮಿಯ ಕಿವಿಗೆ ಬಗ್ಗಿದೆ. "ನೋಡು, ಬಟ್ಟೆ ಕಟ್ಕೊಳ್ಳೋಕೆ ಹೋಗ್ತಿದಾಳೆ."

ಈ ಸಲ ಫೋಕಸ್ ಸರಿಯಾಗಿತ್ತು.

ನಿಮ್ಮ ಆ ಒಂದು ಮಾತಿಗಾಗಿ ಹನ್ನೊಂದು ವರ್ಷ ಹಾಸ್ಟೆಲ್‌ನಿಂದ ನಿಮಗೊಂದು ಕಾಗದ ಬರೆಯಲಿಲ್ಲ. ಆಸ್ಪತ್ರೆಯಿಂದ ನೀವು ಫೋನ್ ಮಾಡಿದಾಗಲೂ ಎತ್ತಲಿಲ್ಲ. ಕೇಳಿದವರಿಗೆಲ್ಲ ಆ ಕಥೆ ಹೇಳಿದ್ದೇನೆ. ನನ್ನ ಅಳು ಶುರುವಾದ ಕೂಡಲೇ ನೀವು ಕ್ಯಾಮೆರಾ ನಿಲ್ಲಿಸಿ ನನ್ನನ್ನು ಎತ್ತಿಕೊಂಡಿದ್ದನ್ನು ಮಾತ್ರ ಯಾರಿಗೂ ಹೇಳಿಲ್ಲ.